ಮೈಸೂರಿನ ಮಟ್ಟಿ ಮತ್ತು ಮೈದಾನ

ಒಂದು ನಗರದ ಚರಿತ್ರೆಯನ್ನು ಬರೆಯತಕ್ಕವರು ಸಾಮಾನ್ಯವಾಗಿ ಅದರ ಅರಮನೆಯನ್ನೂ ದೇವಾಲಯಗಳನ್ನೂ ವಿದ್ಯಾಶಾಲೆಗಳನ್ನೂ ವರ್ಣಿಸುತ್ತಾರೆ; ಅಲ್ಲಿನ ಜನರು ಎಲ್ಲಿ ಆಡುತ್ತಿದ್ದರು, ಯಾರೊಡನೆ ಆಡುತ್ತಿದ್ದರು ಎಂದು ಕೇಳುವವರು ವಿರಳ. ಮೈಸೂರಿನ ವಿಷಯದಲ್ಲಿ ಹಾಗೆ ಕೇಳಿದರೆ ಸಿದ್ಧವಾದ ಉತ್ತರವೊಂದು ದೊರೆಯುತ್ತದೆ: ಇಲ್ಲಿನ ಕ್ರೀಡೆಗಳೆಲ್ಲವೂ ಅರಸರ ಆಶ್ರಯದಲ್ಲಿ ಬೆಳೆದವು ಎಂದು. ಇದು ಸುಳ್ಳಲ್ಲ; ಆದರೆ ಪೂರ್ಣವಾದ ಸತ್ಯವೂ ಅಲ್ಲ. ಆಶ್ರಯವು ಹೋದ ಮೇಲೆಯೂ ಆಟ ಉಳಿದುದು ಹೇಗೆ ಎಂಬುದನ್ನು ಆ ಉತ್ತರವು ಹೇಳಲಾರದು. ಈ ಭಾಷಣದಲ್ಲಿ ನಾವು ಆ ಉಳಿದ ಪ್ರಶ್ನೆಯನ್ನೇ ಸ್ವಲ್ಪ ವಿಚಾರಮಾಡೋಣ.

ಮಲ್ಲವಿದ್ಯೆಯು ಕನ್ನಡನಾಡಿಗೆ ಬಹು ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಗ್ರಂಥದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕವಾದ ಸ್ಥಾನವಿದೆ, ಮಲ್ಲರ ತರಗತಿಗಳು, ಅವರ ಆಹಾರ, ಅವರ ವ್ಯಾಯಾಮ, ಇವೆಲ್ಲವೂ ಅಲ್ಲಿ ನಿರೂಪಿತವಾಗಿವೆ. ಮೈಸೂರು ಅರಸರ ಪೈಕಿ ೧೬೩೮ರಿಂದ ೧೬೫೯ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ತಾವೇ ಜಟ್ಟಿಗಳೆಂದು ಪ್ರಸಿದ್ಧರಾದವರು. ಅವರು ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಮಲ್ಲನನ್ನು ಗೆದ್ದ ಕಥೆಯನ್ನು ಕೇಳದ ಮೈಸೂರಿನ ಬಾಲಕನು ಒಂದು ಕಾಲದಲ್ಲಿ ಇರಲಿಲ್ಲ. ಇಂದಿಗೂ ವಿಜಯದಶಮಿಯ ದಿನ ಜಂಬೂಸವಾರಿಗೆ ಮುನ್ನ ಅರಮನೆಯೊಳಗೆ ವಜ್ರಮುಷ್ಟಿ ಕಾಳಗವು ನಡೆಯುತ್ತದೆ. ತಲೆಯನ್ನು ಬೋಳಿಸಿಕೊಂಡ ಇಬ್ಬರು ಜಟ್ಟಿಗಳು ಕೈಯಲ್ಲಿ ಮುಳ್ಳಿನ ಮುಷ್ಟಿಯನ್ನು ಧರಿಸಿ ಎದುರುಬದುರಾಗಿ ನಿಲ್ಲುತ್ತಾರೆ; ಒಬ್ಬನಿಗೆ ರಕ್ತ ಕಾಣಿಸಿದೊಡನೆಯೇ ಕಾಳಗವು ಮುಗಿಯುತ್ತದೆ. ಇದು ಕೆಲವೇ ನಿಮಿಷಗಳ ದೃಶ್ಯ. ಇದರಲ್ಲಿ ಸೋಲು ಗೆಲುವುಗಳಿಗಿಂತ ಆಚಾರವೇ ಮುಖ್ಯ.

ಅರಮನೆಯ ಕಥೆ ಇಷ್ಟಾಯಿತು. ಆದರೆ ಕುಸ್ತಿಯ ನಿಜವಾದ ಮನೆ ಬೇರೆ ಕಡೆ ಇದ್ದಿತು. ಹಳೆಯ ಮೈಸೂರಿನ ಕೇರಿಗಳಲ್ಲಿಯೂ ಮೊಹಲ್ಲಾಗಳಲ್ಲಿಯೂ ಗರಡಿಮನೆಗಳಿದ್ದವು. ಅವುಗಳಲ್ಲಿ ಕೆಲವು ಇನ್ನೂ ಇವೆ. ಕೆಲವು ದಿನಗಳ ಹಿಂದೆ ನಾವು ಅಂತಹ ಒಂದು ಗರಡಿಯನ್ನು ಬೆಳಗಿನ ಜಾವದಲ್ಲಿ ನೋಡಲು ಹೋಗಿದ್ದೆವು. ಬಾಗಿಲು ಗಿಡ್ಡ, ಎಂತಹ ಭೀಮಕಾಯನೂ ತಲೆಬಾಗಿಯೇ ಒಳಗೆ ಹೋಗಬೇಕು. ಗೋಡೆಗಳು ದಪ್ಪ, ಬೆಳಕು ಕಡಮೆ. ಒಂದು ಮೂಲೆಯಲ್ಲಿ ಆಂಜನೇಯನ ಪಟ, ಇನ್ನೊಂದು ಕಡೆ ಗದೆಗಳೂ ಕಲ್ಲುಗುಂಡುಗಳೂ ಮರದ ಭಾರಗಳೂ. ನಡುವೆ ಮಟ್ಟಿ. ಕೆಮ್ಮಣ್ಣನ್ನು ಜರಡಿಯಾಡಿಸಿ, ಎಣ್ಣೆ, ಅರಿಸಿನ, ಕರ್ಪೂರ ಮೊದಲಾದುವನ್ನು ಬೆರೆಸಿ ಹದಮಾಡಿದ ಈ ಮಣ್ಣಿಗೆ ಪೂಜೆಯಾಗದೆ ಯಾರೂ ಅದರಲ್ಲಿ ಕಾಲಿಡುವಂತಿಲ್ಲ.

ಗರಡಿಯ ಮಾತುಗಳನ್ನು ಕಿವಿಗೊಟ್ಟು ಕೇಳಿದರೆ ಅದರ ಚರಿತ್ರೆಯೇ ತಿಳಿಯುತ್ತದೆ. ‘ಗರಡಿ’ ಎಂಬುದು ನಮ್ಮ ಮಾತು. ‘ಮಲ್ಲ’ ಎಂಬುದು ಸಂಸ್ಕೃತ. ‘ಪೈಲ್ವಾನ’, ‘ಉಸ್ತಾದ’ ಎಂಬುವು ಪಾರಸಿಯಿಂದ ಬಂದುವು. ಹಿಂದೂ ಬಾಲಕನು ತನ್ನ ಗುರುವನ್ನು ಉಸ್ತಾದರೆಂದು ಕರೆಯುವುದರಲ್ಲಿಯೂ, ಮುಸಲ್ಮಾನ ಬಾಲಕನು ಮಟ್ಟಿಗೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುವುದರಲ್ಲಿಯೂ ಇಲ್ಲಿ ಯಾರಿಗೂ ವಿಶೇಷವು ತೋರುವುದಿಲ್ಲ. ಕೇರಿಯ ಹುಡುಗನೊಬ್ಬನು ಅಖಾಡಕ್ಕೆ ಇಳಿದಾಗ ಇಳಿಯುವವನು ಅವನೊಬ್ಬನೇ ಅಲ್ಲ. ಅವನ ಹಾಲು ಬಾದಾಮಿಗಳಿಗೆ ಹಣ ಕೂಡಿಸಿದವರು, ಅವನಿಗೆ ಪಟ್ಟು ಹೇಳಿಕೊಟ್ಟವರು, ಅವನೊಡನೆ ಸಾಮು ಮಾಡಿದವರು, ಎಲ್ಲರೂ ಅವನ ಹಿಂದೆ ಇರುತ್ತಾರೆ. ಇಂಗ್ಲಿಷರಿಂದ ‘ಟೀಮು’ ಎಂಬ ಮಾತನ್ನು ಕಲಿಯುವುದಕ್ಕೆ ಮುಂಚೆಯೇ ಮೈಸೂರಿನ ಕೇರಿಗಳಿಗೆ ಆ ವಸ್ತುವಿನ ಪರಿಚಯವಿದ್ದಿತು.

ಹೊಸ ಆಟಗಳು ವಿದ್ಯಾಶಾಲೆಗಳ ಮೂಲಕ ಬಂದುವು. ೧೯೧೬ರಲ್ಲಿ ವಿಶ್ವವಿದ್ಯಾನಿಲಯವು ಇಲ್ಲಿ ಸ್ಥಾಪಿತವಾದ ಮೇಲೆ ಕಾಲೇಜಿನ ಬಯಲುಗಳಲ್ಲಿ ಕ್ರಿಕೆಟ್, ಹಾಕಿ, ಕಾಲ್ಚೆಂಡುಗಳು ಬೇರೂರಿದವು. ೧೯೩೪ರ ನವೆಂಬರ್ ೪ರಂದು ಮದರಾಸಿನ ಚೆಪಾಕಿನಲ್ಲಿ ನಡೆದ ರಣಜಿ ಪಂದ್ಯಾವಳಿಯ ಮೊಟ್ಟಮೊದಲನೆಯ ಆಟದಲ್ಲಿ ಮದರಾಸಿಗೆ ಎದುರಾಗಿ ನಿಂತದ್ದು ಮೈಸೂರು ಸಂಸ್ಥಾನದ ತಂಡವೇ. ಅದು ಸಂತೋಷದ ನೆನಪಲ್ಲ: ೪೮ ಮತ್ತು ೫೯ ಓಟಗಳಿಗೆ ನಮ್ಮವರ ಎರಡು ಸರದಿಗಳೂ ಮುಗಿದು, ಒಂದೇ ದಿನದಲ್ಲಿ ಪಂದ್ಯವು ತೀರಿಹೋಯಿತು. ಆದರೆ ಸೋತವರು ಮತ್ತೆ ಆಡಿದರು. ಸಂಸ್ಥಾನದ ಹೆಸರು ಹೊತ್ತ ಆ ತಂಡವೇ ಮುಂದೆ ಕರ್ನಾಟಕವೆಂಬ ಹೆಸರಿನಿಂದ ೧೯೭೪ರಲ್ಲಿ ಆ ಪಾರಿತೋಷಕವನ್ನು ಮೊದಲ ಸಲ ಗೆದ್ದಿತು. ಮೈಸೂರು ನಗರದಲ್ಲಿಯೇ ಹುಟ್ಟಿ ಇಲ್ಲಿಯೇ ಓದಿದ ಜಾವಗಲ್ ಶ್ರೀನಾಥರು ೬೭ ಟೆಸ್ಟ್ ಪಂದ್ಯಗಳಲ್ಲಿ ೨೩೬ ವಿಕೆಟ್ಟುಗಳನ್ನು ಪಡೆದರು.

ಇಷ್ಟರಲ್ಲಿ ಕಾಲವು ಬದಲಾಯಿಸಿತು. ಸಂಸ್ಥಾನಗಳು ಹೋದವು, ೧೯೭೧ರಲ್ಲಿ ರಾಜಧನವೂ ರದ್ದಾಯಿತು, ಜಂಬೂಸವಾರಿಯ ಅಂಬಾರಿಯಲ್ಲಿ ಅರಸರಿಗೆ ಬದಲಾಗಿ ಚಾಮುಂಡೇಶ್ವರಿಯ ವಿಗ್ರಹವು ಕುಳಿತುಕೊಂಡಿತು. ಆಶ್ರಯವೇ ಸರ್ವಸ್ವವಾಗಿದ್ದರೆ ಕುಸ್ತಿಯು ಅಲ್ಲಿಗೇ ಮುಗಿಯಬೇಕಾಗಿದ್ದಿತು. ಹಾಗಾಗಲಿಲ್ಲ. ದಸರೆಯ ಕುಸ್ತಿಯು ಇಂದಿಗೂ ವಸ್ತುಪ್ರದರ್ಶನದ ಆವರಣದಲ್ಲಿರುವ ಅಖಾಡದಲ್ಲಿ ನಡೆಯುತ್ತದೆ. ದಸರಾ ಕಂಠೀರವ, ದಸರಾ ಕೇಸರಿ ಎಂಬ ಬಿರುದುಗಳಿಗೆ ಇಂದಿಗೂ ಪೈಪೋಟಿಯಿದೆ. ಹಿಂದೆ ಹೆಂಗಸರು ಹೊಸ್ತಿಲು ದಾಟಲಾಗದಿದ್ದ ವಿದ್ಯೆಯಲ್ಲಿ ಈಗ ಹೆಣ್ಣುಮಕ್ಕಳು ಸೆಣಸಿ ದಸರಾ ಕಿಶೋರಿಯರಾಗುತ್ತಾರೆ. ಮಣ್ಣಿನ ನಾಡಕುಸ್ತಿಯ ಜೊತೆಗೆ ಮ್ಯಾಟಿನ ಮೇಲಣ ಕುಸ್ತಿಯೂ ಸೇರಿದೆ. ಇದರಿಂದ ಸಂಪ್ರದಾಯವು ಕೆಟ್ಟಿತೆಂದು ಕೊರಗುವವರು ೧೯೫೨ರ ಹೆಲ್ಸಿಂಕಿಯನ್ನು ನೆನೆಯಬೇಕು: ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಕಿನಲ್ಲಿ ಮೊದಲನೆಯ ವೈಯಕ್ತಿಕ ಪದಕವನ್ನು ತಂದ ಖಾಶಾಬಾ ಜಾಧವರು ಮಹಾರಾಷ್ಟ್ರದ ಮಣ್ಣಿನ ಅಖಾಡದಲ್ಲಿ ಪಳಗಿ ಮ್ಯಾಟಿಗೆ ಹೋದವರು. ಮಣ್ಣಿಗೂ ಮ್ಯಾಟಿಗೂ ವೈರವಿಲ್ಲ.

ವೈರವಿರುವುದು ಬೇರೆಯದರೊಡನೆ. ೨೦೧೦ರ ಜನವರಿಯಲ್ಲಿ ಮಾನಸಗಂಗೋತ್ರಿಯ ಬಯಲಿನಲ್ಲಿ ಕರ್ನಾಟಕಕ್ಕೂ ಮುಂಬಯಿಗೂ ರಣಜಿ ಅಂತಿಮ ಪಂದ್ಯ ನಡೆಯಿತು. ೩೩೮ ಓಟಗಳ ಗುರಿಯನ್ನು ಬೆನ್ನಟ್ಟಿದ ಕರ್ನಾಟಕವು, ಮನೀಶ್ ಪಾಂಡೆಯವರು ೧೪೪ ಹೊಡೆದರೂ, ಆರೇ ಓಟಗಳಿಂದ ಸೋತಿತು. ಆ ದಿನಗಳಲ್ಲಿ ನಗರಕ್ಕೆ ನಗರವೇ ಅಲ್ಲಿ ನೆರೆದಿದ್ದಿತು. ಅದನ್ನು ಕಂಡು ನಮಗೆ ಅಖಾಡದ ಸುತ್ತಣ ಜನಸಂದಣಿಯ ನೆನಪಾಯಿತು. ಈ ನಗರಕ್ಕೆ ಆಟದ ಹಸಿವು ತಗ್ಗಿಲ್ಲ. ತಗ್ಗುತ್ತಿರುವುದು ಆಡುವುದಕ್ಕೆ ಎಲ್ಲರದೂ ಆದ ನೆಲ. ನಾವು ಬಾಲ್ಯದಲ್ಲಿ ಚೆಂಡಾಡಿದ ಬಯಲಿನಲ್ಲಿ ಈಗ ಮನೆಗಳಿವೆ. ಆ ಬೀದಿಯ ಹುಡುಗರು ಪಂದ್ಯವನ್ನು ನೋಡುತ್ತಾರೆ, ಲೆಕ್ಕವನ್ನೂ ಬಲ್ಲರು. ಆದರೆ ಅವರ ಬೀದಿಗೆ ಒಂದು ತಂಡವಿಲ್ಲ.

ಅರಸರು ಬಹುಮಾನ ಕೊಟ್ಟರು. ಸರ್ಕಾರವು ಬಿರುದು ಕೊಡುತ್ತದೆ. ಎರಡೂ ಬೇಕು. ಆದರೆ ಆಟಗಾರನನ್ನು ಕೊಟ್ಟದ್ದು ಕೇರಿಯ ಹತ್ತು ಮಾರು ನೆಲ, ಮತ್ತು ಅದನ್ನು ತಮ್ಮದೆಂದು ಕಾಯ್ದುಕೊಂಡ ಹತ್ತು ಜನ. ಆ ಬೆಳಗ್ಗೆ ಗರಡಿಯಲ್ಲಿದ್ದ ವೃದ್ಧ ಉಸ್ತಾದರನ್ನು, ಈಗ ಎಷ್ಟು ಮಂದಿ ಹುಡುಗರು ಬರುತ್ತಾರೆ ಎಂದು ನಾವು ಕೇಳಿದೆವು. ಅವರು ನಾಲ್ಕು ಬೆರಳುಗಳನ್ನು ತೋರಿಸಿ, ಗುದ್ದಲಿಯನ್ನು ತೆಗೆದುಕೊಂಡು ಮಟ್ಟಿಯನ್ನು ಅಗೆಯತೊಡಗಿದರು. ನಾಲ್ವರಿಗಾಗಿ ಇಷ್ಟು ಶ್ರಮವೇ ಎಂದುದಕ್ಕೆ, ಒಂದು ವಾರ ಅಗೆಯದೆ ಬಿಟ್ಟರೆ ಮಣ್ಣು ಕಲ್ಲಾಗುತ್ತದೆ, ಆಮೇಲೆ ನಲವತ್ತು ಮಂದಿ ಬಂದರೂ ಬೀಳುವುದಕ್ಕೆ ಜಾಗವಿರುವುದಿಲ್ಲ ಎಂದರು. ನಗರದ ಹಿರಿಯರೂ ಪುರಸಭೆಯವರೂ ಕಾಲೇಜುಗಳ ನಾವೂ ಈ ಮಾತನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು.