ಡೀಕ್ ಸ್ಲೇಟನ್

ಡೊನಾಲ್ಡ್ ಕೆಂಟ್ ‘ಡೀಕ್’ ಸ್ಲೇಟನ್ (ಮಾರ್ಚ್ 1, 1924 – ಜೂನ್ 13, 1993) ಅಮೆರಿಕದ ಗಗನಯಾತ್ರಿ. ನಾಸಾ ಸಂಸ್ಥೆಯು 1959ರಲ್ಲಿ ಮರ್ಕ್ಯುರಿ ಯೋಜನೆಗೆ ಆರಿಸಿದ ಏಳು ಮಂದಿಯಲ್ಲಿ ಇವರೊಬ್ಬರು; ಆ ಯೋಜನೆಯಲ್ಲಿ ಹಾರುವ ಅವಕಾಶ ದೊರೆಯದೆ ಉಳಿದವರು ಇವರು ಮಾತ್ರ.

ಆರಂಭಿಕ ಜೀವನ

ವಿಸ್ಕಾನ್ಸಿನ್ ರಾಜ್ಯದ ಸ್ಪಾರ್ಟಾದಲ್ಲಿ ಜನಿಸಿದರು. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಚಾಲಕರಾಗಿದ್ದು, ಮುಂದೆ ವಾಯುಪಡೆಯಲ್ಲಿ ಹೊಸ ವಿಮಾನಗಳ ಪರೀಕ್ಷಾ ಚಾಲಕರಾದರು.

ಹಾರಾಟಕ್ಕೆ ತಡೆ

ಭೂಮಿಯನ್ನು ಸುತ್ತುವ ಅಮೆರಿಕದ ಎರಡನೆಯ ಮಾನವಸಹಿತ ಯಾನಕ್ಕೆ ಸ್ಲೇಟನ್ ನಿಯುಕ್ತರಾಗಿದ್ದರು. ಆದರೆ ಹೃದಯ ಬಡಿತದ ಲಯ ಆಗಾಗ ತಪ್ಪುತ್ತಿದ್ದ ಕಾರಣ 1962ರ ಮಾರ್ಚ್‌ನಲ್ಲಿ ಅವರನ್ನು ಕೈಬಿಡಲಾಯಿತು. ಮೇ ತಿಂಗಳಲ್ಲಿ ಸ್ಕಾಟ್ ಕಾರ್ಪೆಂಟರ್ ಆ ಯಾನವನ್ನು ಕೈಗೊಂಡರು. ಸ್ಲೇಟನ್ ನಾಸಾವನ್ನು ತೊರೆಯಲಿಲ್ಲ. ಗಗನಯಾತ್ರಿಗಳ ಮೇಲ್ವಿಚಾರಣೆಯ ಹೊಣೆ ಹೊತ್ತು, ಜೆಮಿನಿ ಹಾಗೂ ಅಪೊಲೊ ಯಾನಗಳಿಗೆ ತಂಡಗಳನ್ನು ಆರಿಸಿದರು. ಚಂದ್ರನ ಮೇಲೆ ಮೊದಲು ಇಳಿದ ನೀಲ್ ಆರ್ಮ್‌ಸ್ಟ್ರಾಂಗ್ ತಂಡದ ಆಯ್ಕೆಯಲ್ಲಿಯೂ ಇವರದೇ ಪ್ರಮುಖ ಪಾತ್ರ.

ಬಾಹ್ಯಾಕಾಶ ಯಾನ

ವೈದ್ಯಕೀಯ ಮರುಪರೀಕ್ಷೆಯ ಬಳಿಕ 1972ರಲ್ಲಿ ಹಾರಾಟದ ಅನುಮತಿ ಮರಳಿ ದೊರೆಯಿತು. 1975ರ ಜುಲೈನಲ್ಲಿ, ತಮ್ಮ 51ನೆಯ ವಯಸ್ಸಿನಲ್ಲಿ, ಥಾಮಸ್ ಸ್ಟಾಫರ್ಡ್ ಮತ್ತು ವ್ಯಾನ್ಸ್ ಬ್ರ್ಯಾಂಡ್ ಅವರೊಡನೆ ಅಪೊಲೊ–ಸೋಯುಜ್ ಜಂಟಿ ಯಾನ ಕೈಗೊಂಡರು. ಜುಲೈ 17ರಂದು ಎರಡೂ ನೌಕೆಗಳು ಕಕ್ಷೆಯಲ್ಲಿ ಕೂಡಿಕೊಂಡವು. ಸೋವಿಯತ್ ಒಕ್ಕೂಟದೊಡನೆ ಪೈಪೋಟಿ ನಡೆದಿದ್ದ ಕಾಲದಲ್ಲಿ ಆಯ್ಕೆಯಾಗಿದ್ದ ಸ್ಲೇಟನ್, ಹದಿನಾರು ವರ್ಷಗಳ ಅನಂತರದ ತಮ್ಮ ಏಕೈಕ ಯಾನದಲ್ಲಿ ಅದೇ ದೇಶದ ಅಲೆಕ್ಸಿ ಲಿಯೊನೊವ್ ಹಾಗೂ ವಲೇರಿ ಕುಬಾಸೊವ್ ಅವರ ಸಹಯಾತ್ರಿಯಾದರು.