ಹರ್-2 ಗ್ರಾಹಿ ಮತ್ತು ಸ್ತನ ಕ್ಯಾನ್ಸರ್

ಜೀವಕೋಶದ ಹೊರಪೊರೆಯಲ್ಲಿ ನೆಲೆಸಿ, ಹೊರಗಿನ ಸೂಚನೆಗಳನ್ನು ಒಳಕ್ಕೆ ದಾಟಿಸುವ ಪ್ರೋಟೀನ್‌ಗಳೇ ಗ್ರಾಹಿಗಳು ಅಥವಾ ರಿಸೆಪ್ಟರ್‌ಗಳು. ಇವುಗಳಲ್ಲಿ ಹರ್-2 ಸ್ತನದ ಸಹಜ ಕೋಶಗಳಲ್ಲೂ ಇರುತ್ತದೆ. ಅದರ ಸಂಖ್ಯೆ ಮಿತಿಮೀರಿದಾಗ ಕೇಡು ಶುರುವಾಗುತ್ತದೆ.

ಇದರ ಚರಿತ್ರೆಯ ಬೇರು ಇಲಿಮರಿಗಳ ಮೇಲಿನ ಒಂದು ಪ್ರಯೋಗದಲ್ಲಿದೆ. ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಆಗಷ್ಟೇ ಹುಟ್ಟಿದ ಮರಿಗಳಿಗೆ ಚುಚ್ಚಿದಾಗ, ಎರಡು ವಾರಕ್ಕೆ ಕಣ್ಣು ಬಿಡಬೇಕಾದ ಮರಿಗಳು ಒಂದೇ ವಾರಕ್ಕೆ ಬಿಟ್ಟವು. ಹಲ್ಲೂ ಬೇಗ ಮೂಡಿತು. ಇದಕ್ಕೆ ಕಾರಣವಾದ ಬೆಳವಣಿಗೆಯ ಪ್ರೋಟೀನನ್ನು ಅವರು 1962ರಲ್ಲಿ ವರದಿ ಮಾಡಿದರು. ಮುಂದೆ ಅದು ಬಂದು ಕೂರುವ ಗ್ರಾಹಿಯೂ ಪತ್ತೆಯಾಯಿತು. ಕೋಹೆನ್‌ಗೆ 1986ರಲ್ಲಿ ನೊಬೆಲ್ ಬಂತು. ಅದಕ್ಕೆ ಎರಡು ವರ್ಷ ಮೊದಲೇ, ಕೋಳಿಗಳಿಗೆ ರಕ್ತದ ಕ್ಯಾನ್ಸರ್ ತರುವ ಒಂದು ವೈರಸ್‌ನ ಜೀನ್ ಈ ಗ್ರಾಹಿಯ ಮೊಟಕು ರೂಪವನ್ನೇ ತಯಾರಿಸುತ್ತದೆ ಎಂಬುದು ಗೊತ್ತಾಗಿತ್ತು. ಗ್ರಾಹಿ ಕೆಟ್ಟರೆ ಕ್ಯಾನ್ಸರ್ ಬರಬಹುದೆಂಬುದಕ್ಕೆ ಸಿಕ್ಕ ಗಟ್ಟಿ ಸುಳಿವು ಅದು.

ಇದೇ ಗ್ರಾಹಿಯ ಸೋದರ ಹರ್-2. 1980ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ರಾಬರ್ಟ್ ವೈನ್‌ಬರ್ಗ್ ಪ್ರಯೋಗಾಲಯದಲ್ಲಿ ಭಾರತದ ಲಕ್ಷ್ಮೀಚರಣ್ ಪಾಢಿ ಮತ್ತು ಸಂಗಡಿಗರು ಇಲಿಗಳ ನರಗೆಡ್ಡೆಯಲ್ಲಿ ಇದರ ಕ್ಯಾನ್ಸರ್‌ಕಾರಕ ರೂಪದ ಜಾಡು ಹಿಡಿದರು. 1985ರಲ್ಲಿ ಜೆನೆನ್‌ಟೆಕ್ ಕಂಪನಿಯ ಆಕ್ಸೆಲ್ ಉಲ್ರಿಕ್ ಅವರ ತಂಡ ಮಾನವನ ಜೀನನ್ನು ಪ್ರತ್ಯೇಕಿಸಿತು. ಅದೇ ವರ್ಷ ಜೆಫ್ರಿ ಡ್ರೆಬಿನ್, ಮಾರ್ಕ್ ಗ್ರೀನ್ ಮತ್ತಿತರರು, ಈ ಗ್ರಾಹಿಗೆ ಅಂಟುವ ಪ್ರತಿಕಾಯ ಹಾಕಿದರೆ ಕೋಶಗಳ ಕ್ಯಾನ್ಸರ್ ಗುಣ ಇಳಿಯುತ್ತದೆಂದು ತೋರಿಸಿದರು. ಮುಂದಿನ ಔಷಧಕ್ಕೆ ದಾರಿ ತೋರಿದ ಈ ಕೆಲಸಕ್ಕೆ ಸಲ್ಲಬೇಕಾದಷ್ಟು ಹೆಸರು ಸಂದಿಲ್ಲ.

ಹರ್-2ಗೆ ತನ್ನದೇ ಆದ ಸೂಚಕ ವಸ್ತು ಈವರೆಗೆ ಸಿಕ್ಕಿಲ್ಲ. ಅದು ನೆರೆಯ ಗ್ರಾಹಿಗಳೊಡನೆ ಜೋಡಿಯಾಗುತ್ತದೆ. ಜೋಡಿಯ ಒಳತುದಿಗಳು ಪರಸ್ಪರ ಫಾಸ್ಫೇಟ್ ಅಂಟಿಸಿಕೊಳ್ಳುತ್ತವೆ. ಅಲ್ಲಿಂದ ಹೊರಟ ಸೂಚನೆ ಕೋಶಕೇಂದ್ರ ಮುಟ್ಟಿ, ವಿಭಜನೆಯಾಗು, ಸಾಯಬೇಡ ಎನ್ನುತ್ತದೆ. ಜೀನಿನ ಪ್ರತಿಗಳು ಹೆಚ್ಚಿ ಪೊರೆಯ ತುಂಬ ಗ್ರಾಹಿಗಳು ಕಿಕ್ಕಿರಿದರೆ, ಹೊರಗಿನ ಸೂಚನೆಯಿಲ್ಲದೆಯೇ ಜೋಡಿಗಳಾಗುತ್ತವೆ. ಬೆಳವಣಿಗೆಗೆ ತಡೆಯೇ ಇರುವುದಿಲ್ಲ.

1987ರಲ್ಲಿ ಲಾಸ್ ಏಂಜಲೀಸ್‌ನ ಡೆನಿಸ್ ಸ್ಲಾಮನ್ 189 ಸ್ತನಗೆಡ್ಡೆಗಳನ್ನು ಪರೀಕ್ಷಿಸಿದಾಗ ಸುಮಾರು ಶೇ 30ರಲ್ಲಿ ಈ ಹೆಚ್ಚಳ ಕಂಡಿತು. ಆ ರೋಗಿಗಳಲ್ಲಿ ಕಾಯಿಲೆ ಬೇಗ ಮರಳುತ್ತಿತ್ತು. ಈಗಿನ ಅಂದಾಜು ಶೇ 15ರಿಂದ 20. ಇಲಿಯ ಪ್ರತಿಕಾಯವನ್ನು ಮಾನವ ದೇಹಕ್ಕೆ ಒಗ್ಗುವಂತೆ ತಿದ್ದಿ ರೂಪಿಸಿದ, ಹರ್-2ಗೆ ಅಂಟುವ ಟ್ರಾಸ್ಟುಜುಮಾಬ್ ಔಷಧಕ್ಕೆ 1998ರಲ್ಲಿ ಅಮೆರಿಕದ ಒಪ್ಪಿಗೆ ದೊರೆಯಿತು. ಶಸ್ತ್ರಚಿಕಿತ್ಸೆಯ ನಂತರ ಕೀಮೋ ಜೊತೆಗೆ ಇದನ್ನೂ ಕೊಟ್ಟರೆ ಕಾಯಿಲೆ ಮರಳುವ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂದು 2005ರ ಅಧ್ಯಯನಗಳು ತಿಳಿಸಿದವು. ಹೃದಯ ದುರ್ಬಲವಾಗುವ ಸಾಧ್ಯತೆ ಇರುವುದರಿಂದ ಎಕೋ ಪರೀಕ್ಷೆ ತಪ್ಪಿಸುವಂತಿಲ್ಲ.

ಬೆಲೆ ಮಾತ್ರ ಬಡವರ ಕೈಗೆಟುಕುವಂತಿರಲಿಲ್ಲ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಇದರ ಬಯೋಸಿಮಿಲರನ್ನು, ಅಂದರೆ ಮೂಲ ಔಷಧವನ್ನು ನಿಕಟವಾಗಿ ಹೋಲುವ ರೂಪವನ್ನು, ಭಾರತದ ಮಾರುಕಟ್ಟೆಗೆ ತಂದಿತು. 2017ರಲ್ಲಿ ಅಮೆರಿಕವೂ ಅದನ್ನು ಒಪ್ಪಿತು.

ಈ ಔಷಧ ಯಾರಿಗೆ ಬೇಕೆಂದು ತಿಳಿಯಲು ಗೆಡ್ಡೆಯಲ್ಲಿ ಹರ್-2 ಹೆಚ್ಚಿದೆಯೇ ಎಂದು ಪರೀಕ್ಷಿಸುತ್ತಾರೆ. ಗೆಡ್ಡೆಯ ತೆಳು ಚೂರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೋಶಗಳ ಸುತ್ತ ದಟ್ಟ ಕಂದು ಅಂಚು ಕಂಡರೆ 3+, ಅಂದರೆ ಹರ್-2 ಹೆಚ್ಚಿದೆ, ಎಂದು ಬರೆಯುತ್ತಾರೆ. ಖಚಿತವಾಗಿ ಹೇಳಲಾಗದ 2+ ಬಂದರೆ ಫಿಶ್ ಎಂಬ ಜೀನ್ ಪರೀಕ್ಷೆ ಬೇಕು. ಸ್ತನ ಕ್ಯಾನ್ಸರ್ ಖಚಿತವಾದವರು ಬಯಾಪ್ಸಿ ವರದಿಯಲ್ಲಿ ಈ ಫಲಿತಾಂಶ ಇದೆಯೇ ಎಂದು ವೈದ್ಯರನ್ನು ತಪ್ಪದೆ ಕೇಳಬೇಕು.