ನೀರಿಲ್ಲದ ಕೊಳದ ಬೀದಿ

ಒಂದು ಊರನ್ನು ನೋಡಿ ಬಂದೆವು ಎಂದು ನಾವು ಹೇಳುವಾಗ, ಬಹುಮಟ್ಟಿಗೆ ಅದರ ಅರ್ಥ ಅಲ್ಲಿಯ ನಾಲ್ಕಾರು ಕಟ್ಟಡಗಳನ್ನು ನೋಡಿ ಬಂದೆವು ಎಂದೇ. ಎರಡು ದಿನದ ಬಿಡುವಿನಲ್ಲಿ ದೆಹಲಿಗೆ ಹೋದವರು ಕೆಂಪುಕೋಟೆಯನ್ನೂ ಜಾಮಾ ಮಸೀದಿಯನ್ನೂ ತಪ್ಪದೆ ನೋಡುತ್ತಾರೆ. ಕೋಟೆಯ ಲಾಹೋರಿ ದರವಾಜೆಯ ಎದುರಿನಿಂದ ಪಶ್ಚಿಮಕ್ಕೆ ಫತೇಪುರಿ ಮಸೀದಿಯವರೆಗೆ ಸಾಗುವ ಚಾಂದನಿ ಚೌಕ್ ಬೀದಿಗೆ ಮಾತ್ರ ಜಿಲೇಬಿ ತಿನ್ನುವಷ್ಟು ಹೊತ್ತನ್ನು ಕೊಡುತ್ತಾರೆ. ಆದರೆ ಆ ನಗರದ ನೆನಪು ಕೋಟೆಗಿಂತ ಹೆಚ್ಚಾಗಿ ಆ ಬೀದಿಯಲ್ಲಿದೆ ಎಂದು ನನಗೆ ತೋರುತ್ತದೆ.

ಶಹಜಹಾನನು 1639ರಲ್ಲಿ ಹೊಸ ರಾಜಧಾನಿಗೆ ಅಸ್ತಿಭಾರ ಹಾಕಿಸಿದ. 1648ರಲ್ಲಿ ಕೋಟೆ ಸಿದ್ಧವಾಯಿತು. ಬೀದಿಯನ್ನು ರೂಪಿಸಿದವಳು ಅವನ ಮಗಳು ಜಹನಾರಾ. ತಾಯಿ ಮುಮ್ತಾಜ್ 1631ರಲ್ಲಿ ತೀರಿಕೊಂಡಾಗ ಆಕೆಗೆ ಹದಿನೇಳು ವರ್ಷ. ಆ ವಯಸ್ಸಿಗೇ ಅಂತಃಪುರದ ಹಿರಿತನ ಆಕೆಯ ಹೆಗಲೇರಿತು. ತನ್ನ ಸಂಪತ್ತಿನ ಒಂದು ಪಾಲನ್ನು ಆಕೆ ಈ ಬೀದಿಗೆ ಸುರಿದಳು. ನಡುವೆ ಹರಿಯುವ ಕಾಲುವೆ, ಇಕ್ಕೆಲಗಳಲ್ಲಿ ಅಂಗಡಿಗಳ ಸಾಲು, ಮಧ್ಯದಲ್ಲೊಂದು ಎಂಟು ಮೂಲೆಯ ಚೌಕ, ಆ ಚೌಕದಲ್ಲೊಂದು ಕೊಳ. ಬೆಳದಿಂಗಳ ರಾತ್ರಿ ಚಂದ್ರ ಆ ನೀರಿನಲ್ಲಿ ತೋರುತ್ತಿದ್ದನಂತೆ. ಚಾಂದನಿ ಚೌಕ್ ಎಂಬುದು ಮೊದಲು ಆ ಚೌಕವೊಂದರದೇ ಹೆಸರು. ಬೀದಿಗೆಲ್ಲ ಅದು ಹಬ್ಬಿದ್ದು ಆಮೇಲೆ.

ಚೌಕದ ಪಕ್ಕದಲ್ಲಿ ಆಕೆ ಕಟ್ಟಿಸಿದ ಸರಾಯಿಯಲ್ಲಿ ಪರ್ಷಿಯಾ ಮತ್ತು ಮಧ್ಯ ಏಷ್ಯಾದ ವರ್ತಕರು ತಂಗುತ್ತಿದ್ದರು. ಫ್ರಾನ್ಸಿನ ಪ್ರವಾಸಿ ಬರ್ನಿಯರ್ ಅದನ್ನು ಕಣ್ಣಾರೆ ಕಂಡು ಮೆಚ್ಚಿದ. ಇಂಥವು ಪ್ಯಾರಿಸಿನಲ್ಲಿಯೂ ಇದ್ದಿದ್ದರೆ ಪರಸ್ಥಳದವರಿಗೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ಬರೆದ.

ಚೆಲುವಿಗಾಗಿ ಹುಟ್ಟಿದ ಬೀದಿ ಚೆಲುವನ್ನಷ್ಟೇ ಕಾಣಲಿಲ್ಲ. 1675ರಲ್ಲಿ ಗುರು ತೇಗ್ ಬಹಾದೂರರ ಶಿರಚ್ಛೇದವಾದದ್ದು ಇಲ್ಲಿಯೇ. ಸೀಸ್‌ಗಂಜ್ ಗುರುದ್ವಾರ ಆ ನೆಲದ ಮೇಲೆ ನಿಂತಿದೆ. 1739ರ ಮಾರ್ಚ್ ತಿಂಗಳಲ್ಲಿ ನಾದಿರ್ ಷಾ ಇದೇ ಬೀದಿಯ ಸುನಹರಿ ಮಸೀದಿಯಲ್ಲಿ ಕುಳಿತು ನಗರದ ಕಗ್ಗೊಲೆಗೆ ಅಪ್ಪಣೆ ಕೊಟ್ಟ. 1857ರ ದಂಗೆಯನ್ನು ಅಡಗಿಸಿದ ಬ್ರಿಟಿಷರು ಕೋಟೆಯೊಳಗಿನ ಅರಮನೆಗಳಲ್ಲಿ ಅನೇಕವನ್ನು ಕೆಡವಿ ಸೈನಿಕರ ವಸತಿಗಳನ್ನು ಎಬ್ಬಿಸಿದರು. ಜಹನಾರಾಳ ಸರಾಯಿಯೂ ಉಳಿಯಲಿಲ್ಲ; ಅದಿದ್ದ ಕಡೆ 1860ರ ದಶಕದಲ್ಲಿ ಪುರಭವನ ಎದ್ದಿತು. ಸಮೀಪದ ಬಲ್ಲಿಮಾರಾನ್ ಗಲ್ಲಿಯಲ್ಲಿ ವಾಸವಾಗಿದ್ದ ಕವಿ ಗಾಲಿಬ್, ಕಣ್ಣೆದುರಿಗೇ ಕರಗುತ್ತಿದ್ದ ಊರನ್ನು ಕುರಿತು ಗೆಳೆಯರಿಗೆ ಬರೆದ ಪತ್ರಗಳು ಉರ್ದು ಗದ್ಯದ ಆಸ್ತಿಯಾಗಿ ಉಳಿದಿವೆ.

ಕೊಳವಿದ್ದ ಚೌಕದಲ್ಲಿ ಮುಂದೆ ಗಡಿಯಾರದ ಗೋಪುರವೊಂದು ಎದ್ದಿತು. ಕಾಲುವೆ ಮುಚ್ಚಿಹೋಯಿತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಟ್ರಾಮ್ ಗಾಡಿ ಬಂದಿತು. 1960ರ ದಶಕದಲ್ಲಿ ಅದೂ ನಿಂತುಹೋಯಿತು. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಗೋಪುರದ ಒಂದು ಭಾಗ ಕುಸಿದುಬಿತ್ತು, ಉಳಿದುದನ್ನು ತೆಗೆದುಹಾಕಿದರು. ಆದರೂ ಜನ ಆ ಸ್ಥಳವನ್ನು ಘಂಟಾಘರ್ ಎಂದು ಕರೆಯುವುದನ್ನು ಬಿಡಲಿಲ್ಲ. ಇಲ್ಲದ ಗೋಪುರದ ಹೆಸರು ಚೌಕಕ್ಕೆ, ಇಲ್ಲದ ಕೊಳದ ಹೆಸರು ಇಡೀ ಬೀದಿಗೆ!

ಇಲ್ಲಿ ಒಂದು ಮಾತನ್ನು ನಾವು ಯೋಚಿಸಬೇಕು. ಕೋಟೆ ಉಳಿದದ್ದು ಕಾವಲಿನಿಂದ. ಬೀದಿ ಉಳಿದದ್ದು ಬಳಕೆಯಿಂದ. ದರೀಬಾದಲ್ಲಿ ಇಂದಿಗೂ ಬೆಳ್ಳಿ ತೂಗುತ್ತಾರೆ. ಖಾರಿ ಬಾವೋಲಿಯ ಮೆಣಸಿನ ಘಾಟಿಗೆ ದಾರಿಹೋಕರು ಸೀನುತ್ತಾರೆ. ನಯೀ ಸಡಕ್‌ನಲ್ಲಿ ಪುಸ್ತಕಗಳ ವ್ಯಾಪಾರ ನಡೆದಿದೆ. ಜೈನ ಮಂದಿರ, ಗುರುದ್ವಾರ, ಇಗರ್ಜಿ, ಮಸೀದಿಗಳು ಒಂದೇ ಬೀದಿಯ ನೆರೆಹೊರೆಯಾಗಿವೆ. ಬಾಳುವ ಬೀದಿ ಬದಲಾಗಲೇಬೇಕು; ಆ ಬದಲಾವಣೆಗೆ ಅದು ತೆರುವ ಬೆಲೆ ಮರೆವು. 2021ರಲ್ಲಿ ಬೀದಿಯನ್ನು ಕೆಂಪು ಕಲ್ಲಿನಿಂದ ಹಸನುಗೊಳಿಸಿ, ಹಗಲು ಹೊತ್ತು ಮೋಟಾರು ವಾಹನಗಳಿಗೆ ತಡೆ ಹಾಕಿದರು. ನಡೆಯುವವರಿಗೆ ದಾರಿ ಮರಳಿ ದೊರೆಯಿತು, ನೀರು ಮರಳಲಿಲ್ಲ.

ಜಹನಾರಾಳ ಬಾಳೂ ಬೀದಿಯಂತೆಯೇ ತಿರುವು ಕಂಡಿತು. 1658ರಲ್ಲಿ ಔರಂಗಜೇಬನು ತಂದೆಯನ್ನು ಆಗ್ರಾದ ಕೋಟೆಯಲ್ಲಿ ಸೆರೆಯಿಟ್ಟಾಗ, 1666ರಲ್ಲಿ ಮುದುಕನ ಉಸಿರು ನಿಲ್ಲುವವರೆಗೆ ಆಕೆ ಅವನ ಬಳಿಯೇ ಇದ್ದಳು. 1681ರಲ್ಲಿ ಆಕೆಯೂ ತೀರಿಕೊಂಡಳು. ದೆಹಲಿಯ ನಿಜಾಮುದ್ದೀನ್ ದರ್ಗಾದ ಆವರಣದಲ್ಲಿ ಆಕೆಯ ಸಮಾಧಿಯಿದೆ. ಅದಕ್ಕೆ ಗುಮ್ಮಟವಿಲ್ಲ, ಚಾವಣಿಯೂ ಇಲ್ಲ. ಮೇಲೆ ಬರಿಯ ಮಣ್ಣು ಮತ್ತು ಹಸಿರು. ತಾಯಿಗೆ ತಾಜಮಹಲು, ಮಗಳಿಗೆ ಹುಲ್ಲು.

ಮುಂದಿನ ಬಾರಿ ದೆಹಲಿಗೆ ಹೋಗುವವರು ಕೋಟೆಯನ್ನು ಖಂಡಿತ ನೋಡಲಿ. ಆಮೇಲೆ ಬೀದಿಗಿಳಿದು, ಪುರಭವನದ ಮುಂದೆ, ಜನಸಂದಣಿಗೆ ಅಡ್ಡವಾಗದಂತೆ ಒಂದು ನಿಮಿಷ ನಿಲ್ಲಲಿ. ಜೊತೆಯಲ್ಲಿ ಮಕ್ಕಳಿದ್ದರೆ, ಇಲ್ಲೊಂದು ಕೊಳವಿತ್ತು, ಅದನ್ನು ಒಬ್ಬ ಹೆಣ್ಣುಮಗಳು ಊರಿಗಾಗಿ ಮಾಡಿಸಿದ್ದಳು ಎಂದು ಹೇಳಲಿ.